ಶಹಾಬಾದ್ ಕಲ್ಲಿನ ಮನೆಯಲ್ಲಿ ಚೆಂಡು ಹೂವು: ಕಿತ್ತಳೆ ಬಣ್ಣ ಕಣ್ಣಿಗೂ ಮನಸ್ಸಿಗೂ ಏನು ಮಾಡುತ್ತದೆ?

ದಸರೆಗೆ ಎರಡು ದಿನ ಇರುವಾಗಲೇ ಕಲಬುರಗಿ, ಬೀದರ್, ಯಾದಗಿರಿಗಳ ಮಾರುಕಟ್ಟೆಗಳಲ್ಲಿ ಚೆಂಡು ಹೂವಿನ ರಾಶಿ ಬೀಳುತ್ತದೆ. ಖಂಡೆ ಪೂಜೆಗೆ, ವಾಹನಗಳಿಗೆ, ಅಂಗಡಿಯ ಬಾಗಿಲಿಗೆ, ಮುಂದೆ ದೀಪಾವಳಿಯ ಲಕ್ಷ್ಮೀ ಪೂಜೆಗೆ ಮಾರುಗಟ್ಟಲೆ ಹೂವು ಕೊಂಡೊಯ್ಯುವವರಿಗೆ ಈ ಬಣ್ಣದ ಸೊಗಸನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈಚೆಗೆ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳು ಇನ್ನೊಂದು ಮಾತನ್ನು ಸೇರಿಸುತ್ತಿವೆ: ಕಿತ್ತಳೆ ಬಣ್ಣದ ಹೂವನ್ನು ಮನೆಯೊಳಗೆ ಇಟ್ಟರೆ ಖಿನ್ನತೆ ಹೋಗುತ್ತದೆ, ಕತ್ತಲೆಯ ಕೋಣೆಯೂ ಬೆಳಗುತ್ತದೆ ಎಂಬುದು ಆ ಮಾತು. ಇದನ್ನು ಓದಿದ ಅನೇಕರು ನಿಜವೋ ಸುಳ್ಳೋ ಎಂದು ಕೇಳುತ್ತಾರೆ. ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಲಾಗುವುದಿಲ್ಲ, ಏಕೆಂದರೆ ಹೂವಿನ ಬಣ್ಣ ನಮ್ಮನ್ನು ತಲುಪುವ ದಾರಿಯಲ್ಲಿ ಬೆಳಕು, ದಳ, ಕಣ್ಣು, ಹಿಂದಿನ ಗೋಡೆ, ಕೊನೆಗೆ ನಮ್ಮ ನೆನಪು ಎಲ್ಲವೂ ಸೇರಿಕೊಳ್ಳುತ್ತವೆ. ಇವುಗಳಲ್ಲಿ ಗೋಡೆಯ ಪಾತ್ರ ನಾವು ಎಣಿಸಿದ್ದಕ್ಕಿಂತ ದೊಡ್ಡದು.

ಕಿತ್ತಳೆ ಎಂದರೆ ಯಾವ ಬಣ್ಣ?

ಕಿತ್ತಳೆ ಎಂಬುದು ಹಣ್ಣಿನಿಂದ ಬಂದ ಬಣ್ಣದ ಹೆಸರು. ನಮ್ಮ ಕಡೆ ಆ ಹಣ್ಣನ್ನು ಸಂತ್ರಾ ಎನ್ನುವವರೇ ಹೆಚ್ಚಾದ್ದರಿಂದ ಬಣ್ಣವನ್ನು ಕೇಸರಿ ಎಂದು ಕರೆಯುವುದು ರೂಢಿ. ಅದೇ ಬಣ್ಣ ಮಣ್ಣಿನ ಕಡೆಗೆ ತಿರುಗಿದರೆ ಕಾವಿ. ವಿಜ್ಞಾನದ ಲೆಕ್ಕದಲ್ಲಿ ಬೆಳಕು ಅಲೆಗಳಂತೆ ಸಾಗುತ್ತದೆ ಮತ್ತು ಆ ಅಲೆಯ ಉದ್ದವೇ ಬಣ್ಣವನ್ನು ನಿರ್ಧರಿಸುತ್ತದೆ. ಈ ಉದ್ದವನ್ನು ಅಳೆಯುವ ಮಾನ ನ್ಯಾನೋಮೀಟರ್, ಅಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ನಮಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗೆ ಹರಡಿದೆ. ನೇರಳೆ ಮತ್ತು ನೀಲಿ ಕೆಳತುದಿಯಲ್ಲಿ, ಕೆಂಪು ಮೇಲ್ತುದಿಯಲ್ಲಿ ಇದ್ದರೆ, ಹಳದಿಗೂ ಕೆಂಪಿಗೂ ನಡುವೆ ಸುಮಾರು 590ರಿಂದ 620ರವರೆಗಿನ ಕಿರಿದಾದ ಪಟ್ಟಿಯೇ ಕಿತ್ತಳೆ.

ಈ ಬಣ್ಣದ ಹೂವುಗಳು ನಮ್ಮಲ್ಲಿ ಅಪರೂಪವೇನಲ್ಲ. ಚೆಂಡು ಹೂವನ್ನು ಬೀದರ್ ಗಡಿಯ ಮರಾಠಿಯವರು ಝೆಂಡು ಎಂದೂ ತೆಲುಗಿನವರು ಬಂತಿ ಎಂದೂ ಕರೆಯುತ್ತಾರೆ. ಮೆಕ್ಸಿಕೊ ಕಡೆಯ ಈ ಗಿಡ ಭಾರತಕ್ಕೆ ಬಂದದ್ದು ಪೋರ್ಚುಗೀಸರು ಬಂದ ಮೇಲೆ, ಆದರೆ ಇಂದು ಅದಿಲ್ಲದ ಹಬ್ಬವನ್ನು ಊಹಿಸುವುದು ಕಷ್ಟ. ದಕ್ಷಿಣ ಭಾರತದ್ದೇ ಆದ ಕನಕಾಂಬರ ಅಥವಾ ಅಬ್ಬಲಿಗೆ ಮರಾಠಿಯಲ್ಲಿ ಅಬೋಲಿ. ಅಲ್ಲಿ ಅದು ಒಂದು ಬಣ್ಣದ ಹೆಸರೂ ಆಗಿದೆ. ಶಿವರಾತ್ರಿಯಿಂದ ಹೋಳಿ ಹುಣ್ಣಿಮೆಯವರೆಗೆ ಎಲೆಯೊಂದೂ ಇಲ್ಲದ ಮುತ್ತಲ ಮರ ಮೈತುಂಬ ಹೂ ಬಿಡುತ್ತದೆ. ಎಳ್ಳಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಿ ಬಂದ ಕೆಲವೇ ವಾರಗಳಲ್ಲಿ ಅರಳುವ ಕುಸುಬೆ, ಮೊದಲು ಹಳದಿಯಾಗಿದ್ದು ಬಲಿತಂತೆ ಕಿತ್ತಳೆ, ಆಮೇಲೆ ಕೆಂಪಾಗುತ್ತದೆ. ಮುಳ್ಳಿನಿಂದಾಗಿ ಅದನ್ನು ಯಾರೂ ಮನೆಗೆ ತರುವುದಿಲ್ಲ, ಆದರೆ ಈ ಸೀಮೆಯವರ ಕಣ್ಣಿಗೆ ಕಿತ್ತಳೆಯ ಪರಿಚಯ ಮಾಡಿಕೊಟ್ಟ ಹೂವುಗಳಲ್ಲಿ ಅದೂ ಒಂದು.

ದಳದೊಳಗೆ ನಡೆಯುವುದೇನು?

ಹೂವಿಗೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ. ದಳದಲ್ಲಿರುವ ವರ್ಣದ್ರವ್ಯವು ಅವುಗಳಲ್ಲಿ ಕೆಲವನ್ನು ಹೀರಿಕೊಂಡು ಉಳಿದುದನ್ನು ಹಿಂದಕ್ಕೆ ಕಳಿಸುತ್ತದೆ. ಚೆಂಡು ಹೂವಿನಲ್ಲಿ ಈ ಕೆಲಸ ಮಾಡುವುದು ಮುಖ್ಯವಾಗಿ ಲ್ಯೂಟೀನ್ ಎಂಬ ದ್ರವ್ಯ. ಇದು ಗಜ್ಜರಿಗೆ ಬಣ್ಣ ಕೊಡುವ ದ್ರವ್ಯದ ಬಳಗಕ್ಕೇ ಸೇರಿದ್ದು. ಕೋಳಿಯ ಮೇವಿಗೆ ಚೆಂಡು ಹೂವಿನ ಸಾರ ಬೆರೆಸಿದಾಗ ಮೊಟ್ಟೆಯ ಹಳದಿ ಗಾಢವಾಗುವುದು ಇದರಿಂದಲೇ. ಲ್ಯೂಟೀನ್ ನೇರಳೆ ಮತ್ತು ನೀಲಿ ಬೆಳಕನ್ನು ನುಂಗಿ ಹಳದಿ, ಕಿತ್ತಳೆ, ಕೆಂಪನ್ನು ಬಿಟ್ಟುಕೊಡುತ್ತದೆ. ಹಳದಿ ಚೆಂಡು ಹೂವಿನಲ್ಲೂ ಕಿತ್ತಳೆ ಚೆಂಡು ಹೂವಿನಲ್ಲೂ ಇರುವುದು ಬಹುಮಟ್ಟಿಗೆ ಇದೇ ದ್ರವ್ಯ. ಕಿತ್ತಳೆಯಲ್ಲಿ ಅದರ ಪ್ರಮಾಣ ಬಹಳ ಹೆಚ್ಚು, ಅಷ್ಟೇ. ಮುತ್ತಲ ಹೂವು ಅದೇ ಬಣ್ಣವನ್ನು ಬ್ಯೂಟೀನ್ ಮೊದಲಾದ ಬೇರೆಯೇ ಬಳಗದ ದ್ರವ್ಯಗಳಿಂದ ಪಡೆಯುತ್ತದೆ. ಅವು ನೀರಿಗೆ ಸುಲಭವಾಗಿ ಇಳಿಯುವುದರಿಂದ ಹೋಳಿಯ ಓಕುಳಿಗೆ ಮುತ್ತಲ ಹೂವನ್ನು ಕುದಿಸುವ ಪದ್ಧತಿ ಬೆಳೆದು ಬಂತು. ಚೆಂಡು ಹೂವನ್ನು ಬರೀ ನೀರಿನಲ್ಲಿ ನೆನೆಸಿದರೆ ಅಷ್ಟು ಗಾಢವಾದ ಬಣ್ಣ ಬಿಡದಿರುವುದಕ್ಕೆ ಒಂದು ಕಾರಣ, ಲ್ಯೂಟೀನ್ ಎಣ್ಣೆಯಲ್ಲಿ ಕರಗುವ ಜಾತಿಯದು ಎಂಬುದು.

ದ್ರವ್ಯದಷ್ಟೇ ಮುಖ್ಯವಾದದ್ದು ದಳಗಳ ಜೋಡಣೆ. ಇಳಕಲ್ ರೇಷ್ಮೆ ಸೀರೆಯನ್ನು ಹರವಿದಾಗ ಕಾಣುವ ಬಣ್ಣಕ್ಕಿಂತ ಅದರ ನಿರಿಗೆಯ ಸಂದಿನಲ್ಲಿ ಕಾಣುವ ಬಣ್ಣ ಗಾಢವಾಗಿರುವುದನ್ನು ಎಲ್ಲರೂ ನೋಡಿರುತ್ತಾರೆ. ಸಂದಿಯೊಳಗೆ ಹೊಕ್ಕ ಬೆಳಕು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಪುಟಿಯುತ್ತ, ಪ್ರತಿ ಪುಟಿತದಲ್ಲೂ ಬೇಡದ ಬಣ್ಣವನ್ನು ಕಳೆದುಕೊಳ್ಳುತ್ತ ಹೊರಬರುವುದರಿಂದ ಹಾಗಾಗುತ್ತದೆ. ಒತ್ತೊತ್ತಾಗಿ ದಳಗಳಿರುವ ಚೆಂಡು ಹೂವು ಪೂರ್ತಿ ನಿರಿಗೆಗಳಿಂದಲೇ ಮಾಡಿದಂತಿದೆ. ಅದೇ ದ್ರವ್ಯವನ್ನು ಕಾಗದದ ಮೇಲೆ ಬಳಿದರೆ ಅಂಥ ಆಳ ಬರಲಾರದು. ಪ್ಲಾಸ್ಟಿಕ್ ತೋರಣ ದೂರದಿಂದಲೇ ಚಪ್ಪಟೆಯಾಗಿ ಕಾಣುವುದಕ್ಕೂ ಇದು ಒಂದು ಕಾರಣ.

ಕಣ್ಣು ಬಣ್ಣವನ್ನು ಹೇಗೆ ಅಳೆಯುತ್ತದೆ?

ಕಣ್ಣಿನ ಹಿಂಭಾಗದ ಪರದೆಯಲ್ಲಿ ಬಣ್ಣವನ್ನು ಗುರುತಿಸುವ ಶಂಕುಕೋಶಗಳು ಮೂರು ಬಗೆಯವು. ಒಂದು ಬಗೆ ಸುಮಾರು 420, ಇನ್ನೊಂದು 530, ಮತ್ತೊಂದು 560 ನ್ಯಾನೋಮೀಟರ್ ಆಸುಪಾಸಿನ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ಕಲಬುರಗಿಯ ತೊಗರಿ ಹರಾಜಿನಲ್ಲಿ ಒಂದೇ ರಾಶಿಗೆ ಮೂವರು ವ್ಯಾಪಾರಿಗಳು ಬೇರೆ ಬೇರೆ ಬೆಲೆ ಕೂಗಿದರೆ, ಆ ಬೆಲೆಗಳ ಅಂತರದಿಂದ ಮಾಲಿನ ಗುಣ ಊಹಿಸಬಹುದಲ್ಲವೆ? ಮಿದುಳು ಮಾಡುವುದೂ ಅದನ್ನೇ. ಕಿತ್ತಳೆ ಬೆಳಕು ಬಂದಾಗ ಮೂರನೆಯವನು ಜೋರಾಗಿ ಕೂಗುತ್ತಾನೆ, ಎರಡನೆಯವನು ಅದಕ್ಕಿಂತ ಕಡಿಮೆ, ಮೊದಲನೆಯವನು ಬಾಯಿಯೇ ತೆರೆಯುವುದಿಲ್ಲ. ಮಿದುಳಿಗೆ ಬೇಕಾದದ್ದು ಈ ವ್ಯತ್ಯಾಸ. ಬೂದು ಕಲ್ಲಿನ ಮುಂದೆ ಮೂವರೂ ಹೆಚ್ಚುಕಡಿಮೆ ಒಂದೇ ಬೆಲೆ ಹೇಳುತ್ತಾರೆ. ಪಕ್ಕದಲ್ಲೇ ಇರುವ ಹೂವಿನ ಮುಂದೆ ಬೆಲೆಗಳು ಥಟ್ಟನೆ ಚದುರುತ್ತವೆ. ಆದ್ದರಿಂದ ಬೂದು ಕೋಣೆಯಲ್ಲಿ ಕಣ್ಣು ತಾನಾಗಿಯೇ ಹೂವಿನ ಕಡೆಗೆ ಓಡುತ್ತದೆ.

ಇಲ್ಲಿ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಹೊತ್ತು ಮುಳುಗಿ ಬೆಳಕು ತೀರ ಕಡಿಮೆಯಾದಾಗ ಶಂಕುಕೋಶಗಳು ಹಿಂದೆ ಸರಿದು, ದಂಡಕೋಶಗಳೆಂಬ ಇನ್ನೊಂದು ಬಗೆಯ ಕೋಶಗಳು ನೋಡುವ ಕೆಲಸ ವಹಿಸಿಕೊಳ್ಳುತ್ತವೆ. ಹಗಲಿನಲ್ಲಿ ಕಣ್ಣಿನ ಸಂವೇದನೆ 555 ನ್ಯಾನೋಮೀಟರ್ ಸುತ್ತ ಹೆಚ್ಚಿದ್ದರೆ, ಕತ್ತಲಲ್ಲಿ ಅದು 507ರ ಕಡೆಗೆ, ಅಂದರೆ ಹಸಿರು–ನೀಲಿಯ ಕಡೆಗೆ ಸರಿಯುತ್ತದೆ. ಆಗ ಕಿತ್ತಳೆ, ಕೆಂಪು ಹೂವುಗಳು ಕಪ್ಪಾಗಿ ಕಾಣುತ್ತವೆ. ಎಲೆಗಳೇ ಹೂವಿಗಿಂತ ಬೆಳ್ಳಗೆ ತೋರುತ್ತವೆ. ಇದನ್ನು ವಿವರಿಸಿದವನು 19ನೆಯ ಶತಮಾನದ ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ. ಕತ್ತಲೆಯ ಕೋಣೆಯನ್ನು ಕಿತ್ತಳೆ ಹೂವು ಬೆಳಗುತ್ತದೆ ಎಂಬ ಮಾತು ನಿಲ್ಲುವುದಿಲ್ಲ ಎನ್ನಲು ಇಷ್ಟು ಸಾಕು: ನಿಜವಾದ ಕತ್ತಲಲ್ಲಿ ಮೊದಲು ಮಾಯವಾಗುವ ಬಣ್ಣಗಳಲ್ಲಿ ಕಿತ್ತಳೆಯೂ ಒಂದು.

ಗೋಡೆ, ನೆಲ ಮತ್ತು ಹೂವು

ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆಶಾಲೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನ ವಿಜ್ಞಾನಿ ಮಿಶೆಲ್ ಶೆವ್ರೆಲ್‌ಗೆ, ಕಪ್ಪು ನೂಲಿನ ಬಣ್ಣ ಸರಿಯಾಗಿಲ್ಲವೆಂಬ ದೂರುಗಳು ಬರುತ್ತಿದ್ದವು. ಆತ ಪರೀಕ್ಷಿಸಿ ನೋಡಿದಾಗ ತಪ್ಪು ಕಪ್ಪು ನೂಲಿನದಾಗಿರಲಿಲ್ಲ, ಅದರ ಪಕ್ಕದಲ್ಲಿ ನೇಯ್ದ ನೂಲಿನ ಬಣ್ಣದ್ದಾಗಿತ್ತು. ಅಕ್ಕಪಕ್ಕದಲ್ಲಿರುವ ಎರಡು ಬಣ್ಣಗಳು ಒಂದರ ನೋಟವನ್ನು ಇನ್ನೊಂದು ಬದಲಿಸುತ್ತವೆ ಎಂಬ ಈ ನಿಯಮವನ್ನು ಆತ 1839ರಲ್ಲಿ ಪ್ರಕಟಿಸಿದ. ಒಂದು ಬಣ್ಣವನ್ನು ನೋಡುವಾಗ ಕಣ್ಣು ಅದರ ಎದುರು ಬಣ್ಣದ ಛಾಯೆಯನ್ನು ಸುತ್ತಲಿನ ಜಾಗಕ್ಕೆ ಲೇಪಿಸುತ್ತದೆ. ಕಿತ್ತಳೆಯ ಎದುರು ಬಣ್ಣ ನೀಲಿ.

ಇದನ್ನು ಕಲಬುರಗಿಯ ಮನೆಗೆ ಅನ್ವಯಿಸಿ ನೋಡಬೇಕು. ಶಹಾಬಾದಿನ ಸುಣ್ಣದ ಕಲ್ಲು ಇಲ್ಲಿ ನೆಲಕ್ಕೆ ಹಾಸುವ ಫರಸಿಯಷ್ಟೇ ಆಗಿರದೆ, ಹಳೆಯ ಮನೆಗಳಲ್ಲಿ ಕಟ್ಟೆ, ಮೆಟ್ಟಿಲು, ಮಾಡದ ತಳ, ಅಡುಗೆಮನೆಯ ಹಲಗೆ ಎಲ್ಲವೂ ಆಗಿದೆ. ಬಿಸಿಲನ್ನು ಹೊರಗಿಡಲು ಕಿಟಕಿಗಳನ್ನು ಚಿಕ್ಕದಾಗಿಟ್ಟ ಇಂಥ ಮನೆಯ ಒಳಭಾಗ ತಂಪಾಗಿರುತ್ತದೆ, ಆದರೆ ಬೂದು ಬಣ್ಣವೇ ಎಲ್ಲೆಡೆ ಹರಡಿ ನೋಟ ಮಂಕಾಗುತ್ತದೆ. ಆ ಕಲ್ಲಿನ ಮೇಲೆ ನೀರು ತುಂಬಿದ ಹಿತ್ತಾಳೆಯ ಪರಾತದಲ್ಲಿ ಹತ್ತು ಚೆಂಡು ಹೂವುಗಳನ್ನು ತೇಲಿಬಿಟ್ಟರೆ ಎರಡು ಬದಲಾವಣೆಗಳು ಒಟ್ಟಿಗೆ ಆಗುತ್ತವೆ. ಬೂದು ಹಿನ್ನೆಲೆಯಿಂದಾಗಿ ಹೂವು ಇನ್ನಷ್ಟು ಉಜ್ವಲವಾಗಿ ಕಾಣುತ್ತದೆ. ಹೂವಿನಿಂದಾಗಿ ಬೂದು ಕಲ್ಲು ತುಸು ನೀಲಿಯಾಗಿ, ನೀರಿನಿಂದ ಆಗತಾನೆ ಒರೆಸಿದಂತೆ ತಂಪಾಗಿ ಕಾಣುತ್ತದೆ. ಕೋಣೆಗೆ ಒಂದಿಷ್ಟೂ ಹೊಸ ಬೆಳಕು ಬಂದಿರುವುದಿಲ್ಲ, ಆದರೆ ಅದರೊಳಗಿನ ಬಣ್ಣಗಳ ಅಂತರ ಹೆಚ್ಚಿರುತ್ತದೆ. ಮನೆ ಬೆಳಗಿದಂತಾಯಿತು ಎಂದು ನಾವು ಹೇಳುವಾಗ ಹೇಳುತ್ತಿರುವುದು ಈ ಅಂತರದ ಬಗ್ಗೆಯೇ.

ಬೀದರಿನಲ್ಲಿ ಲೆಕ್ಕ ಬೇರೆ. ಅಲ್ಲಿಯ ಜಂಬಿಟ್ಟಿಗೆ ಕಲ್ಲು ಕೆಂಪು–ಕಂದು ಬಣ್ಣದ್ದು, ಅಂದರೆ ಕಿತ್ತಳೆಗೆ ಹತ್ತಿರದ ನೆಂಟ. ಗಿಲಾಯಿ ಮಾಡದ ಜಂಬಿಟ್ಟಿಗೆಯ ಗೋಡೆಗೆ ಚೆಂಡು ಹೂವಿನ ಮಾಲೆ ತೂಗುಹಾಕಿದರೆ ಎರಡೂ ಒಂದರೊಳಗೊಂದು ಕರಗಿ ಹೂವು ಎದ್ದು ಕಾಣುವುದಿಲ್ಲ. ಅಂಥ ಕಡೆ ಸುಣ್ಣ ಬಳಿದ ಭಾಗದ ಮುಂದೆ ಅಥವಾ ನೀಲಿಯ ಪಕ್ಕದಲ್ಲಿ ಹೂವಿಡುವುದು ಲೇಸು. 1472ರ ಮಹಮೂದ್ ಗಾವಾನ್ ಮದರಸಾದ ಗೋಡೆಗಳಲ್ಲಿ ಅಲ್ಲಲ್ಲಿ ಉಳಿದಿರುವ ನೀಲಿ ಹೊಳಪಿನ ಬಿಲ್ಲೆಗಳನ್ನು ಸಂಜೆಯ ಕೇಸರಿ ಬಿಸಿಲಿನಲ್ಲಿ ನೋಡಿದವರಿಗೆ ಈ ಜೋಡಿಯ ಬಲ ತಿಳಿದಿರುತ್ತದೆ. ಬೀದರ್ ಮನೆಗಳಲ್ಲಿ ಇದಕ್ಕಿಂತ ಕೈಗೆಟುಕುವ ಉಪಾಯವೂ ಇದೆ, ಅದು ಬಿದ್ರಿ ಪಾತ್ರೆ. ಸತುವು ಮತ್ತು ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿಯ ಕುಸುರಿ ಕೂಡಿಸಿ, ಕೋಟೆಯ ಮಣ್ಣಿನ ದ್ರಾವಣದಲ್ಲಿ ಕಪ್ಪಾಗಿಸುವ ಈ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಅದರ ಮಾಸಲು ಕಪ್ಪು ಬಣ್ಣ ಬೆಳಕನ್ನು ಹೆಚ್ಚು ಹಿಂದಕ್ಕೆ ಕಳಿಸದಿರುವುದರಿಂದ ಅದರಲ್ಲಿಟ್ಟ ಹೂವಿನ ಅಂಚುಗಳು ಗೆರೆ ಎಳೆದಂತೆ ಸ್ಪಷ್ಟವಾಗುತ್ತವೆ. ಲೋಹಕ್ಕೆ ನೀರು ತಾಗದಂತೆ ಒಳಗೊಂದು ಗಾಜಿನ ಲೋಟವನ್ನಿಟ್ಟು ಅದರಲ್ಲಿ ಹೂವಿಡಬೇಕು.

ಯಾದಗಿರಿಯ ಕಡೆ ಬೆಣಚುಕಲ್ಲಿನ ಗೋಡೆಗೆ ಸುಣ್ಣ ಬಳಿದ ಮನೆಗಳಿಗೆ ಒಂದು ಹೆಚ್ಚಿನ ಅನುಕೂಲವಿದೆ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿ ಹೂವಿದ್ದರೆ, ಅದರಿಂದ ಚಿಮ್ಮಿದ ಕಿತ್ತಳೆ ಬೆಳಕು ಪಕ್ಕದ ಬಿಳಿ ಗೋಡೆಗೆ ತಾಗಿ ಅಲ್ಲೊಂದು ನಸುಗೇಸರಿ ಛಾಯೆ ಮೂಡುತ್ತದೆ. ಹೂವು ಕೋಣೆಗೆ ಬಣ್ಣ ಹಂಚುವುದು ನಿಜವಾಗಿ ನಡೆಯುವುದು ಇಲ್ಲಿ ಮಾತ್ರ.

ಬೆಳಕು ಎಷ್ಟಿರಬೇಕು, ಎಂಥದಿರಬೇಕು?

ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ನೆತ್ತಿಯ ಬಿಸಿಲಿನಲ್ಲಿ ಒಂದು ಲಕ್ಷ ಲಕ್ಸ್ ಇದ್ದರೆ, ದೀಪ ಹಚ್ಚಿದ ಮನೆಯೊಳಗೆ ಸಾಮಾನ್ಯವಾಗಿ ಕೆಲವು ನೂರು ಮಾತ್ರ. ಆದ್ದರಿಂದ ಹೂವನ್ನು ಕಿಟಕಿಯಿಂದ ಎರಡು ಮೊಳ ಒಳಗಿಡುವುದಕ್ಕೂ ಹತ್ತು ಮೊಳ ಒಳಗಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ರಾತ್ರಿಯ ದೀಪದ ವಿಷಯದಲ್ಲಿ ಎಲ್ಇಡಿ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನೋಡಬೇಕು. 2700 ಕೆ ಎಂದಿದ್ದರೆ ಹಳದಿ ಛಾಯೆಯ ಬೆಳಕು, 6500 ಕೆ ಎಂದಿದ್ದರೆ ನೀಲಿ ಛಾಯೆಯ ಬಿಳಿ ಬೆಳಕು. ಅಗ್ಗದ ಬಿಳಿ ಎಲ್ಇಡಿಗಳಲ್ಲಿ ಕೆಂಪಿನ ಭಾಗ ಕಡಿಮೆ. ದೀಪದಲ್ಲೇ ಇಲ್ಲದ ಬಣ್ಣವನ್ನು ಹೂವು ಹಿಂದಕ್ಕೆ ಕಳಿಸಲಾರದು. ಸಂಜೆ ಕೊಂಡು ತಂದ ಹೂವು ಟ್ಯೂಬ್‌ಲೈಟಿನ ಕೆಳಗೆ ಬಾಡಿದಂತೆ ಕಂಡರೆ ಹೂವಾಡಗಿತ್ತಿಯನ್ನು ದೂರುವ ಮೊದಲು ದೀಪವನ್ನೊಮ್ಮೆ ನೋಡುವುದು ಒಳ್ಳೆಯದು.

ಮನಸ್ಸಿನ ಮಾತು

ಇಲ್ಲಿಯವರೆಗಿನದು ಕಣ್ಣಿನ ಲೆಕ್ಕ. ಮನಸ್ಸಿನ ಬಗ್ಗೆ ನಡೆದ ಅಧ್ಯಯನಗಳನ್ನು ಇನ್ನಷ್ಟು ಎಚ್ಚರದಿಂದ ಓದಬೇಕು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಜೆನೆಟ್ ಹ್ಯಾವಿಲೆಂಡ್-ಜೋನ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಮೊದಲ ಭಾಗದಲ್ಲಿ 147 ಮಹಿಳೆಯರಿಗೆ ಹೂಗುಚ್ಛ, ಹಣ್ಣಿನ ಬುಟ್ಟಿ ಅಥವಾ ಮೇಣದ ಬತ್ತಿ ಕೊಡಲಾಯಿತು. ಹೂವು ಪಡೆದವರೆಲ್ಲರ ಮುಖದಲ್ಲೂ ಕಣ್ಣಿನವರೆಗೆ ಹರಡುವ ನಿಜವಾದ ನಗೆ ಕಂಡಿತು. ಮೂರು ದಿನಗಳ ಬಳಿಕವೂ ಅವರು ಹೆಚ್ಚು ಹರ್ಷದಿಂದಿದ್ದರು. ಆದರೆ ಇದು ಹೂವಿನ ಬಗ್ಗೆ, ಅದರಲ್ಲೂ ಉಡುಗೊರೆಯಾಗಿ ಬಂದ ಹೂವಿನ ಬಗ್ಗೆ ಹೇಳಿದ ಮಾತು. ಕಿತ್ತಳೆ ಬಣ್ಣದ ಬಗ್ಗೆ ಅಲ್ಲ.

ಬಣ್ಣದ ಬಗ್ಗೆ ಕೇಳಿದ ಅಧ್ಯಯನಗಳೂ ಇವೆ. 30 ದೇಶಗಳ 4,598 ಜನರನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಿತ್ತಳೆ ಎಂಬ ಪದಕ್ಕೆ ಜನರು ಹೆಚ್ಚಾಗಿ ಜೋಡಿಸಿದ ಭಾವ ಸಂತೋಷ. ಗಮನಿಸಬೇಕಾದದ್ದು, ಇದು ಬಣ್ಣದ ಹೆಸರಿಗೆ ಯಾವ ಭಾವ ಹೊಂದುತ್ತದೆ ಎಂಬ ಪ್ರಶ್ನೆಗೆ ಬಂದ ಉತ್ತರ. ಆ ಬಣ್ಣ ನೋಡಿದ ಕೂಡಲೇ ಸಂತೋಷ ಹುಟ್ಟುತ್ತದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ಇದೇ ಸಾಲಿನ ಇನ್ನೊಂದು ಅಧ್ಯಯನ ನಮ್ಮಂಥ ಬಿಸಿಲು ನಾಡಿನವರಿಗೆ ಹೆಚ್ಚು ಹತ್ತಿರದ್ದು. ಹಳದಿಯನ್ನು ಸಂತೋಷದೊಂದಿಗೆ ಜೋಡಿಸುವವರು ಚಳಿ ಮತ್ತು ಮಳೆ ಹೆಚ್ಚಿರುವ ಫಿನ್ಲೆಂಡ್‌ನಂಥ ದೇಶಗಳಲ್ಲಿ ಬಹಳ ಹೆಚ್ಚಿದ್ದರು, ಈಜಿಪ್ಟ್‌ನಂಥ ಬಿಸಿ ದೇಶದಲ್ಲಿ ತೀರ ಕಡಿಮೆ. ಸೂರ್ಯನನ್ನು ಕಾಯುವವರಿಗೆ ಅವನ ಬಣ್ಣ ಹಿತ, ಸೂರ್ಯನಿಂದ ತಪ್ಪಿಸಿಕೊಳ್ಳುವವರಿಗೆ ಅಷ್ಟಿಲ್ಲ. ಬೇಸಿಗೆಯಲ್ಲಿ 43 ಡಿಗ್ರಿ ದಾಟುವ ಕಲಬುರಗಿಯಲ್ಲಿ ಮಧ್ಯಾಹ್ನದ ಪಡಸಾಲೆಯ ತುಂಬ ಕಿತ್ತಳೆ ಹರಡಿದರೆ ಸೆಕೆ ಹೆಚ್ಚಿದಂತೆನಿಸಬಹುದು; ಅದೇ ಹೂವು ಮಳೆಗಾಲದ ಮೋಡ ಮುಸುಕಿದ ದಿನಗಳಲ್ಲಿ, ಪುಷ್ಯದ ಮುಂಜಾನೆಯ ಚಳಿಯಲ್ಲಿ ಬೆಚ್ಚಗಿನ ಭಾವ ಕೊಡುತ್ತದೆ.

ಬಣ್ಣದ ಹೆಸರಿಗಿಂತ ಅದರ ಗಾಢತೆ ಮತ್ತು ಹೊಳಪು ಭಾವನೆಯ ಮೇಲೆ ಹೆಚ್ಚು ಪ್ರಭಾವ ಬೀರುತ್ತವೆ ಎಂದು 1994ರಲ್ಲಿ ವಾಲ್ಡೆಜ್ ಮತ್ತು ಮೆಹ್ರಾಬಿಯನ್ ಎಂಬ ಸಂಶೋಧಕರು ತೋರಿಸಿದರು. ತಾಜಾ ಚೆಂಡು ಹೂವಿನಲ್ಲಿ ಈ ಎರಡೂ ಹೇರಳವಾಗಿವೆ. ಜೊತೆಗೆ ಅದರ ಘಾಟು ವಾಸನೆಯೂ ಸೇರುತ್ತದೆ. ಮೂಗಿನಿಂದ ಹೊರಟ ಸಂದೇಶ, ಭಾವನೆ ಮತ್ತು ನೆನಪನ್ನು ನೋಡಿಕೊಳ್ಳುವ ಮಿದುಳಿನ ಭಾಗಗಳಿಗೆ ಬೇರೆ ಇಂದ್ರಿಯಗಳಿಗಿಂತ ನೇರವಾದ ದಾರಿಯಲ್ಲಿ ಹೋಗುತ್ತದೆ. ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎಂದು ಹಿರಿಯರ ಕಾಲಿಗೆ ಬಿದ್ದ ಸಂಜೆಗಳಲ್ಲೆಲ್ಲ ಈ ವಾಸನೆ ಮನೆಯಲ್ಲಿದ್ದುದರಿಂದ, ಮುಂದೆ ಯಾವಾಗಲೋ ಅದು ಮೂಗಿಗೆ ಬಡಿದಾಗ ಆ ಸಂಜೆಯೂ ಹಿಂತಿರುಗುತ್ತದೆ. ಹಬ್ಬವೇ ಗೊತ್ತಿಲ್ಲದ ದೂರದ ದೇಶದವರಿಗೆ ಅದೇ ಹೂವು ಇಷ್ಟನ್ನೆಲ್ಲ ಕೊಡಲಾರದು. ಹಾಗೆಯೇ, ಬಾಗಿಲಲ್ಲಿ ಹದಿನೈದು ದಿನ ಒಣಗಿದ ತೋರಣವನ್ನು ಕಣ್ಣು ನೋಡುವುದನ್ನೇ ಬಿಟ್ಟುಬಿಡುತ್ತದೆ. ಹೊಸತನ ಹೋದ ಮೇಲೆ ಪರಿಣಾಮವೂ ಹೋಗುತ್ತದೆ.

ಹಾಗಾದರೆ ಖಿನ್ನತೆ? ಅದು ಕಾಯಿಲೆ. ಎರಡು ವಾರಗಳಿಗಿಂತ ಹೆಚ್ಚು ಕಾಲ ದುಃಖ, ನಿರಾಸಕ್ತಿ, ನಿದ್ರೆಗೇಡು ಮುಂದುವರಿದರೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೂವು ಒಂದು ಹೊತ್ತಿನ ಮನಸ್ಸನ್ನು ಎತ್ತಬಲ್ಲದು. ಚಿಕಿತ್ಸೆಯ ಜಾಗವನ್ನು ಅದಕ್ಕೆ ಕೊಟ್ಟರೆ ರೋಗಿಗೆ ಅನ್ಯಾಯವಾಗುತ್ತದೆ.

ಮನೆಯಲ್ಲಿ ಬೆಳೆಸುವುದು, ಉಳಿಸುವುದು

ಚೆಂಡು ಹೂವಿನ ಬೀಜ ಹಾಕಿ ಸುಮಾರು ಎರಡು ತಿಂಗಳಿಗೆ ಹೂವು ಬರುತ್ತದೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ನಮ್ಮ ಕರಿ ಎರೆಮಣ್ಣು ನೀರನ್ನು ಹಿಡಿದಿಟ್ಟು ಬೇರನ್ನು ಕೊಳೆಸುವುದರಿಂದ ಕುಂಡಕ್ಕೆ ಅದರೊಂದಿಗೆ ಮರಳು ಮತ್ತು ತಿಪ್ಪೆಗೊಬ್ಬರ ಬೆರೆಸಬೇಕು. ಬಾಡಿದ ಹೂವನ್ನು ಚಿವುಟುತ್ತಿದ್ದರೆ ಹೊಸ ಮೊಗ್ಗು ಬರುತ್ತಲೇ ಇರುತ್ತದೆ. ಅರೆನೆರಳಿನ ಅಂಗಳಕ್ಕೆ ಕನಕಾಂಬರವೇ ಸರಿ: ವಾಸನೆಯಿಲ್ಲದ್ದರಿಂದ ಘಾಟು ಸಹಿಸದವರಿಗೂ ಒಗ್ಗುತ್ತದೆ.

ಕಿತ್ತು ತಂದ ಹೂವಿನ ಕಾಂಡವನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದು, ದಿನವೂ ನೀರು ಬದಲಿಸಬೇಕು. ಮಾಗುತ್ತಿರುವ ಬಾಳೆಹಣ್ಣು, ಮಾವಿನಹಣ್ಣುಗಳ ಪಕ್ಕದಲ್ಲಿಟ್ಟರೆ ಅವುಗಳಿಂದ ಹೊರಡುವ ಎಥಿಲೀನ್ ಅನಿಲ ಹಲವು ಹೂವುಗಳನ್ನು ಬೇಗ ಬಾಡಿಸುತ್ತದೆ. ಕೂಲರಿನ ಗಾಳಿಗೆ ಎದುರಾಗಿ ಇಡಲೂಬಾರದು. ಒಂದು ಎಚ್ಚರಿಕೆ: ಬೇಲಿಯಲ್ಲಿ ಬೆಳೆಯುವ ಕಾಡುಕಣಗಿಲೆಗೆ ಹಳದಿಯ ಜೊತೆ ಕಿತ್ತಳೆ ಛಾಯೆಯ ಹೂವುಗಳೂ ಇವೆ. ಅದರ ಎಲ್ಲ ಭಾಗಗಳೂ, ಮುಖ್ಯವಾಗಿ ಬೀಜ, ಹೃದಯಕ್ಕೆ ವಿಷ. ಚಿಕ್ಕ ಮಕ್ಕಳಿರುವ ಮನೆಯೊಳಗೆ ಅದನ್ನು ತರಬಾರದು.

ಹೂವನ್ನು ಎಲ್ಲಿಡಬೇಕೆಂದು ತಿಳಿಯಲು ಒಂದೇ ಒಂದು ಚೆಂಡು ಹೂವು ಸಾಕು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅದನ್ನು ಮೊದಲು ಫರಸಿಯ ಮೇಲೆ, ಆಮೇಲೆ ಸುಣ್ಣದ ಗೋಡೆಯ ಮುಂದೆ, ಆಮೇಲೆ ಮರದ ಬಾಗಿಲಿನ ಹತ್ತಿರ ಇಟ್ಟು, ಪ್ರತಿ ಸಲವೂ ಕೋಣೆಯ ಆಚೆ ತುದಿಯಿಂದ ನೋಡಿ. ಸಂಜೆ ದೀಪ ಹಚ್ಚಿದ ಮೇಲೆ ಅದೇ ಮೂರು ಜಾಗಗಳಲ್ಲಿ ಇನ್ನೊಮ್ಮೆ ಇಟ್ಟು ನೋಡಿ. ಬೆಳಗಿನ ಜಾಗವೂ ಸಂಜೆಯ ಜಾಗವೂ ಒಂದೇ ಆಗಿರುವುದು ಅಪರೂಪ.